ಟೀವಿ ಆರಿಸಿದ ಮೇಲಿನ ಮೊದಲ ಅರ್ಧ ಗಂಟೆ: ಮಕ್ಕಳ ಆಟಕ್ಕೆ ಮನೆ ಹದ ಮಾಡುವ ಬಗೆ

ಮೂರು ವರ್ಷದ ಹಿಂದೆ ನಾನೊಂದು ದಡ್ಡತನ ಮಾಡಿದೆ. ಮಕ್ಕಳು ಟೀವಿ ಬಿಟ್ಟು ಏಳುವುದಿಲ್ಲವೆಂದು ಸಿಟ್ಟು ಬಂದು, ಮನೆಯಲ್ಲಿ ಯಾರಿಗೂ ಹೇಳದೆ ಕೇಬಲ್ ತೆಗೆಸಿಬಿಟ್ಟೆ. ಮೊದಲ ದಿನ ಅಳು, ಎರಡನೇ ದಿನ ಮೌನ. ಮೂರನೇ ದಿನ ಸಂಜೆ ಕೆಲಸದಿಂದ ಬಂದರೆ ಮನೆಯಲ್ಲಿ ನರಪಿಳ್ಳೆ ಇಲ್ಲ. ಮಗಳು, ಮಗ, ಅವರ ಮಧ್ಯೆ ನಮ್ಮ ಅತ್ತೆ, ಮೂವರೂ ಪಕ್ಕದ ಮನೆಯ ಜಗುಲಿಯಲ್ಲಿ ಸಾಲಾಗಿ ಕೂತಿದ್ದರು, ಕಣ್ಣು ಟೀವಿಯ ಮೇಲೆ. ಅತ್ತೆಗೆ ಕಷಾಯವೂ ಬಂದಿತ್ತು.

ಮರುದಿನವೇ ಕೇಬಲ್ ವಾಪಸು ಹಾಕಿಸಿದೆ. ಆಮೇಲೆ ನಿಧಾನಕ್ಕೆ, ತಪ್ಪುತ್ತಾ ತಿದ್ದುತ್ತಾ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಶಿರಸಿ ಪೇಟೆಯಲ್ಲಿ ನಮ್ಮದೊಂದು ಸಣ್ಣ ಮನೆ, ಹತ್ತು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಅಡಿಕೆ ತೋಟದ ಮೂಲಮನೆ. ಮಗಳಿಗೆ ಈಗ ಎಂಟು, ಮಗನಿಗೆ ಐದು. ಗಂಡ ಹೆಂಡತಿ ಇಬ್ಬರೂ ದುಡಿಯುವವರು. ನಿಮ್ಮ ಮನೆಯ ಲೆಕ್ಕ ಬೇರೆ ಇದ್ದೀತು, ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದು ಬಿಡಿ.

ಹೆಜ್ಜೆ 1: ಒಂದು ವಾರ ಸುಮ್ಮನೆ ಬರೆದಿಡಿ

ಏನನ್ನೂ ಬದಲಿಸಬೇಡಿ. ಹಳೇ ಕ್ಯಾಲೆಂಡರಿನ ಒಂದು ಹಾಳೆ ತಿರುಗಿಸಿ ಟೀವಿ ಪಕ್ಕ ಅಂಟಿಸಿ. ಟೀವಿ ಹಾಕಿದಾಗೆಲ್ಲ ಮೂರು ಸಂಗತಿ ಬರೆಯಿರಿ: ಎಷ್ಟು ಹೊತ್ತಿಗೆ, ಯಾರು ಹಾಕಿದ್ದು, ಆಗ ನೀವು ಏನು ಮಾಡುತ್ತಿದ್ದಿರಿ. ಮೊಬೈಲ್ ಕೊಟ್ಟದ್ದನ್ನೂ ಸೇರಿಸಿ, ಅದು ಕೈಯಲ್ಲಿ ಹಿಡಿಯುವ ಟೀವಿಯೇ.

ವಾರದ ಕೊನೆಗೆ ನಮ್ಮ ಹಾಳೆ ನೋಡಿ ನನಗೆ ನಾಚಿಕೆಯಾಯಿತು. ಅರ್ಧಕ್ಕಿಂತ ಹೆಚ್ಚು ಸಲ ರಿಮೋಟ್ ಒತ್ತಿದವಳು ನಾನು. ಬೆಳಿಗ್ಗೆ ದೋಸೆ ತಿನ್ನಿಸಲಿಕ್ಕೆ, ಸಂಜೆ ಆರೂವರೆಯಿಂದ ಎಂಟರವರೆಗೆ ಅಡುಗೆ ಮಾಡಲಿಕ್ಕೆ. ಮಕ್ಕಳ ಚಟ ಅಂತ ನಾನು ಅಂದುಕೊಂಡಿದ್ದರ ಅರ್ಧ ಪಾಲು ನನ್ನ ಅನುಕೂಲವಾಗಿತ್ತು.

ಎಷ್ಟು ಹೊತ್ತು ಸರಿ ಎಂದು ಕೇಳುವವರಿಗೆ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು. ಎರಡು ವರ್ಷದೊಳಗಿನ ಮಕ್ಕಳಿಗೆ ಟೀವಿ, ಮೊಬೈಲ್ ತೋರಿಸುವುದು ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕೂ ಕಡಿಮೆಯಾದರೆ ಒಳ್ಳೆಯದು. ನಮ್ಮ ಹಾಳೆಯಲ್ಲಿ ಚಿಕ್ಕವನದ್ದು ಮೂರೂವರೆ ಗಂಟೆ ಇತ್ತು.

ಹೆಜ್ಜೆ 2: ಮಕ್ಕಳಿಗಿಂತ ಮೊದಲು ನಿಮ್ಮ ಸಂಜೆ ಹಗುರ ಮಾಡಿಕೊಳ್ಳಿ

ಹೆಚ್ಚಿನವರು ಈ ಹೆಜ್ಜೆ ಹಾರಿಸಿ ನೇರ ರಿಮೋಟ್ ಬಚ್ಚಿಡಲು ಹೋಗುತ್ತಾರೆ. ಆದರೆ ಒಲೆಯ ಮುಂದೆ ಒಂದೂವರೆ ಗಂಟೆ ಸಿಕ್ಕಿಬಿದ್ದವಳಿಗೆ ಟೀವಿ ಬೇಕೇ ಬೇಕು.

ನಾನು ವಾರದ ದಿನಗಳ ರಾತ್ರಿ ಊಟ ಇಳಿಸಿದೆ. ಅನ್ನ, ತಂಬುಳಿ, ಒಂದು ಹಪ್ಪಳ, ಮಜ್ಜಿಗೆ. ಒಂದೆಲಗದ ತಂಬುಳಿಗೆ ಎಲೆ, ಕಾಯಿ, ನಾಲ್ಕು ಕಾಳು ಜೀರಿಗೆ ಮೆಣಸು, ಮಜ್ಜಿಗೆ, ಅಷ್ಟೇ. ಕುಕ್ಕರ್ ಕೂಗುವುದರೊಳಗೆ ರುಬ್ಬಿ ಮುಗಿಯುತ್ತದೆ. ಸಾರು, ಪಲ್ಯ, ಸಾಸಿವೆ ಎಲ್ಲ ಭಾನುವಾರಕ್ಕೆ. “ಇದೆಂತ ಊಟ” ಎಂದು ಮನೆಯಲ್ಲಿ ಒಂದು ವಾರ ಗೊಣಗಾಟ ಇತ್ತು, ಆಮೇಲೆ ನಿಂತಿತು.

ಇನ್ನೊಂದು, ಕ್ಲಾಸುಗಳು. ಮಗಳಿಗೆ ಅಬಾಕಸ್, ಕರಾಟೆ, ಸಂಗೀತ, ಟ್ಯೂಷನ್ ಎಂದು ನಾಲ್ಕು ಇದ್ದವು. ಸಂಜೆ ಏಳಕ್ಕೆ ಬಂದ ಮಗುವಿನ ತಲೆಯಲ್ಲಿ ಆಟ ಹುಟ್ಟುವುದಿಲ್ಲ, ಅದು ಸುಸ್ತಾಗಿ ಟೀವಿ ಮುಂದೆ ಒರಗುತ್ತದೆ, ನಾವು ದೊಡ್ಡವರೂ ಹಾಗೆ ಅಲ್ಲವೇ. ಅವಳನ್ನೇ ಕೇಳಿ ಸಂಗೀತ ಒಂದನ್ನು ಉಳಿಸಿಕೊಂಡೆವು.

ಹೆಜ್ಜೆ 3: ಟೀವಿಯನ್ನು ಜಗುಲಿಯಿಂದ ಎಬ್ಬಿಸಿ, ಅತ್ತೆಯನ್ನು ಎಬ್ಬಿಸಬೇಡಿ

ನಮ್ಮ ಕಡೆ ಜಗುಲಿ ಎಂದರೆ ಮನೆಯ ಮುಖ. ಬಂದವರು ಕೂರುವುದು, ಹೋಗುವವರು ನಿಲ್ಲುವುದು ಅಲ್ಲೇ. ಅಂಥ ಜಾಗದಲ್ಲಿ ಟೀವಿ ಇದ್ದರೆ ಎಲ್ಲ ಕುರ್ಚಿಗಳ ಮುಖ ಅದರ ಕಡೆ. ನಾವು ಅದನ್ನು ಒಳಗಿನ ಸಣ್ಣ ಕೋಣೆಗೆ ಸಾಗಿಸಿ, ಮೇಲೊಂದು ಹಳೇ ಪಂಚೆ ಹೊದೆಸಿದೆವು. ಪಂಚೆಯಿಂದೇನು ಪ್ರಯೋಜನ ಎಂದು ಗಂಡ ನಕ್ಕರು. ಇದೆ. ಕಪ್ಪು ಗಾಜು ಕಣ್ಣಿಗೆ ಬೀಳದಿದ್ದರೆ ಚಿಕ್ಕವನಿಗೆ ಅದರ ನೆನಪೇ ಕಡಿಮೆ ಬರುತ್ತದೆ.

ಇನ್ನು ಅಜ್ಜಿಯ ಧಾರಾವಾಹಿ. ಮಾರ್ಗದರ್ಶಿ ಬರೆಯುವವರು ಯಾರೂ ಈ ವಿಷಯಕ್ಕೆ ಬಾಯಿ ಹಾಕುವುದಿಲ್ಲ. ಹಗಲೆಲ್ಲ ಮಕ್ಕಳನ್ನು ನೋಡಿಕೊಂಡು, ಕಾಲುನೋವಿನಲ್ಲಿ ಹೊರಗೆ ಹೋಗಲಾರದ ಎಪ್ಪತ್ತರ ಹೆಂಗಸಿಗೆ ಅದೊಂದು ಸಂತೋಷ. “ಹಂಗಾರೆ ನಾ ಎಂತ ನೋಡವು?” ಎಂದು ಅತ್ತೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಮಾಡಿದ ಒಪ್ಪಂದ: ಟೀವಿ ಇರುವ ಕೋಣೆಯೇ ಅತ್ತೆಯ ಕೋಣೆ. ಅವರ ಎರಡು ಧಾರಾವಾಹಿ ಅವರಿಗೆ, ಬಾಗಿಲು ಮುಚ್ಚಿಕೊಂಡು. ಉಳಿದವನ್ನು ಮಧ್ಯಾಹ್ನ ಮಕ್ಕಳು ಶಾಲೆಯಲ್ಲಿದ್ದಾಗ ಮರುಪ್ರಸಾರದಲ್ಲಿ ನೋಡುತ್ತಾರೆ. ಅವರೆದುರು ಟೀವಿಯನ್ನು ಬೈಯುವುದನ್ನು ನಾನು ಪೂರ್ತಿ ನಿಲ್ಲಿಸಿದೆ. ಅತ್ತೆ ನಮ್ಮ ಪಕ್ಷಕ್ಕೆ ಬಂದದ್ದು ಆಮೇಲೆ, ಬೇರೆ ದಾರಿಯಲ್ಲಿ. ಅದನ್ನು ಮುಂದೆ ಹೇಳುತ್ತೇನೆ.

ಮಕ್ಕಳಿಗೆ ನಿಯಮ ಒಂದೇ ಇರಲಿ, ಗಡಿಯಾರ ನೋಡದೆ ತಿಳಿಯುವಂಥದ್ದು. ನಮ್ಮಲ್ಲಿ: ಶನಿವಾರ ಮತ್ತು ಭಾನುವಾರ, ಮಧ್ಯಾಹ್ನ ಊಟ ಆದಮೇಲೆ, ಒಂದು ಕಾರ್ಯಕ್ರಮ. “ಹತ್ತು ನಿಮಿಷ ಜಾಸ್ತಿ” ಎಂಬ ಚೌಕಾಶಿಗೆ ಬಾಗಿಲು ತೆರೆದರೆ ದಿನಾ ಜಗಳ.

ಹೆಜ್ಜೆ 4: ಆಟಿಕೆಗಳನ್ನು ಮೆತ್ತಿಗೆ ಏರಿಸಿ

ಮುಕ್ಕಾಲು ಪಾಲು ಆಟಿಕೆ ಗೋಣಿಚೀಲಕ್ಕೆ ತುಂಬಿ ಮೆತ್ತಿಯಲ್ಲಿ, ಅಂದರೆ ಅಟ್ಟದಲ್ಲಿ, ಇಡಿ. ಗುಂಡಿ ಒತ್ತಿದರೆ ಹಾಡುವ, ಮಿಣುಕುವ ಜಾತಿ ಮೊದಲು ಹೋಗಲಿ: ಆಟವನ್ನೆಲ್ಲ ಅದೇ ಆಡಿಬಿಡುತ್ತದೆ, ಮಗುವಿಗೆ ನೋಡುವುದೊಂದೇ ಕೆಲಸ. ಅದರೊಳಗಿನ ಗುಂಡು ಬ್ಯಾಟರಿ ನುಂಗಿದರೆ ಪ್ರಾಣಕ್ಕೆ ಸಂಚಕಾರ, ಅದೂ ನೆನಪಿರಲಿ. ಉಳಿಸಿಕೊಳ್ಳಬೇಕಾದದ್ದು ಗೊಂಬೆ, ಮರದ ತುಂಡು, ಚೆಂಡು, ಅಡುಗೆ ಸಾಮಾನು. ಎರಡು ತಿಂಗಳಿಗೊಮ್ಮೆ ಚೀಲ ಇಳಿಸಿ ನಾಲ್ಕು ಬದಲಾಯಿಸಿ.

ಹೆಜ್ಜೆ 5: ಒಂದು ಪೆಟ್ಟಿಗೆ

ದೊಡ್ಡದೊಂದು ರಟ್ಟಿನ ಪೆಟ್ಟಿಗೆ ಕಿರಾಣಿ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಅದರಲ್ಲಿ ಏನಿರಬೇಕು? ಹೆಸರಿಲ್ಲದ ಸಾಮಾನುಗಳು. ಬಸ್ಸಿನ ಆಟಿಕೆ ಬಸ್ಸೇ ಆಗಿರುತ್ತದೆ. ಅಡಿಕೆ ಹಾಳೆ (ಅಡಿಕೆ ಸೋಗೆಯ ಬುಡದ ಅಗಲ ಭಾಗ) ಸೋಮವಾರ ದೋಣಿ, ಮಂಗಳವಾರ ತೊಟ್ಟಿಲು, ಬುಧವಾರ ಕಿರೀಟ.

ನಮ್ಮ ಪೆಟ್ಟಿಗೆಯಲ್ಲಿರುವುದು: ಹಳೇ ಹತ್ತಿ ಸೀರೆ ಎರಡು, ಒಂದು ಕಂಬಳಿ, ದರ್ಜಿ ಅಂಗಡಿಯ ತುಂಡು ಬಟ್ಟೆ, ಬಟ್ಟೆ ಕ್ಲಿಪ್ಪು ಇಪ್ಪತ್ತು, ತೆಂಗಿನ ಗರಟೆ ಏಳೆಂಟು (ಅಂಚು ಉಜ್ಜಿ ನುಣುಪು ಮಾಡಿದ್ದು), ಅಡಿಕೆ ಹಾಳೆ ಮೂರ್ನಾಲ್ಕು, ಸಣ್ಣ ತಕ್ಕಡಿ, ಹಾಳಾದ ಟಾರ್ಚ್, ಹುಣಸೆ ಬೀಜದ ಡಬ್ಬಿ, ಬಿದಿರಿನ ಕೋಲು, ಹಳೇ ಕ್ಯಾಲೆಂಡರ್, ಸೀಮೆಸುಣ್ಣ. ತೋಟ ಇಲ್ಲದವರು ಚಿಂತೆ ಮಾಡಬೇಡಿ, ಊರಿನ ನೆಂಟರಿಗೆ ಹೇಳಿದರೆ ಒಂದು ಹೊರೆ ಹಾಳೆ ಬಸ್ಸಿಗೆ ಹಾಕಿ ಕಳಿಸುತ್ತಾರೆ. ಈ ಸಾಮಾನಿನಲ್ಲಿ ಕಂಬಳಿಗೆ ಮೊದಲ ಸ್ಥಾನ ಕೊಡುತ್ತೇನೆ. ಎರಡು ಕುರ್ಚಿಯ ಬೆನ್ನಿಗೆ ಎಳೆದು ಕ್ಲಿಪ್ಪು ಹಾಕಿದರೆ ಮನೆಯೊಳಗೊಂದು ಮನೆ. ಅದರೊಳಗೆ ಹೊಕ್ಕ ಮಗು ಅರ್ಧ ಗಂಟೆ ಹೊರಗೆ ಬರುವುದಿಲ್ಲ.

ಹಾಳೆಯ ಬಗ್ಗೆ ಒಂದು ಮಾತು. ತಾನಾಗಿ ಉದುರಿದ, ಪೂರ್ತಿ ಒಣಗದ ಹಾಳೆ ಆರಿಸಿ. ಅಗಲ ಭಾಗದಲ್ಲಿ ಒಬ್ಬರು ಕೂತು, ಸೋಗೆಯ ಕಡೆ ಹಿಡಿದು ಇನ್ನೊಬ್ಬರು ಎಳೆದರೆ ಅದೇ ಬಂಡಿ. ನಮ್ಮ ಅಪ್ಪನೂ ಆಡಿದ್ದು, ನಾನೂ ಆಡಿದ್ದು. ಟೊಪ್ಪಿ, ಕಿರೀಟ ಮಾಡುವುದಾದರೆ ಮೊದಲು ನೀರಲ್ಲಿ ನೆನೆಸಿ, ಇಲ್ಲದಿದ್ದರೆ ಮಡಿಸುವಲ್ಲಿ ಸೀಳುತ್ತದೆ.

ಗುಲಗಂಜಿ ಬೇಡವೇ ಬೇಡ. ಕೆಂಪಿಗೆ ಕಪ್ಪು ಬೊಟ್ಟಿಟ್ಟ ಚಂದಕ್ಕೆ ಮಕ್ಕಳು ಆರಿಸಿ ತರುತ್ತಾರೆ, ಆದರೆ ಜಗಿದರೆ ಅಥವಾ ಸೂಜಿಯಿಂದ ಚುಚ್ಚಿದರೆ ಒಳಗಿನದು ಘೋರ ವಿಷ. ಕಾಸರಕದ ಕಿತ್ತಳೆ ಬಣ್ಣದ ಹಣ್ಣು, ಕಣಗಿಲೆ, ಉಮ್ಮತ್ತಿ ಕಾಯಿ ಕೂಡ ಆಟದ ಅಡುಗೆಗೆ ಬರಬಾರದು. ಮೂರು ವರ್ಷದೊಳಗಿನವರಿದ್ದರೆ ಹುಣಸೆ ಬೀಜದ ಡಬ್ಬಿಯನ್ನೂ ತೆಗೆದಿಡಿ, ಗಂಟಲಿಗೆ ಸಿಕ್ಕೀತು.

ಹೆಜ್ಜೆ 6: ಬೇಜಾರನ್ನು ತಡೆದುಕೊಳ್ಳಿ

ಎಲ್ಲ ಸಿದ್ಧ ಮಾಡಿ ಟೀವಿ ಆರಿಸಿದಿರಿ. ಮಕ್ಕಳು ಪೆಟ್ಟಿಗೆ ಕಡೆ ಓಡುತ್ತಾರೆ ಅಂದುಕೊಂಡರೆ ಅದು ಸುಳ್ಳು. ನಮ್ಮ ಮನೆಯಲ್ಲಿ ಆದದ್ದು ಹೀಗೆ.

ಮಗ ನೆಲದ ಮೇಲೆ ಬೆನ್ನು ಹಾಕಿ ಮಲಗಿದ. ಕಾಲನ್ನು ಗೋಡೆಗೆ ಹಚ್ಚಿ ಮೇಲೆ ಕೆಳಗೆ ಉಜ್ಜಿದ. “ಆಯಿ, ಬೇಜಾರು ಬಂಜು. ಎಂತ ಮಾಡವು?” ನಾನು ಸೊಪ್ಪು ಸೋಸುತ್ತಾ, “ನಂಗೂ ಗೊತ್ತಿಲ್ಲೆ” ಎಂದೆ. ಅವನು ಅಡುಗೆಮನೆಗೆ ಬಂದು ಸೆರಗು ಎಳೆದ. ಅಕ್ಕನ ಜಡೆ ಎಳೆದ, ಏಟು ತಿಂದ, ಅತ್ತ. ಮತ್ತೆ ಮಲಗಿದ. ಗಡಿಯಾರ ನೋಡಿದೆ, ಹದಿನೆಂಟು ನಿಮಿಷ ಆಗಿತ್ತು. ಕೈ ರಿಮೋಟಿನ ಕಡೆ ಹೋಗುವುದೊಂದು ಬಾಕಿ. ಆಗ ಮಣೆಯೊಂದು ನೆಲದ ಮೇಲೆ ಜರುಗಿದ ಶಬ್ದ. ಇನ್ನೊಂದು ಮಣೆ. ಇಣುಕಿದರೆ ಊಟದ ಮಣೆಗಳನ್ನೆಲ್ಲ ಎರಡೆರಡಾಗಿ ಸಾಲು ಇಟ್ಟಿದ್ದಾನೆ, ಮುಂದಿನದರ ಮೇಲೆ ಗರಟೆ ಬೋರಲು ಹಾಕಿ ಸ್ಟೇರಿಂಗ್ ಮಾಡಿ ಅಕ್ಕನನ್ನು ಕೂರಿಸಿದ್ದಾನೆ. ತಾನು ಕಂಡಕ್ಟರ್.

“ಕುಮ್ಟಾ, ಕುಮ್ಟಾ, ಕುಮ್ಟಾ! ಕತಗಾಲದಲ್ಲಿ ನಿಲ್ಲಸ್ತಿಲ್ಲೆ!”

ಕ್ಯಾಲೆಂಡರ್ ಹರಿದು ಟಿಕೆಟ್. ದೇವಿಮನೆ ಘಟ್ಟ ಬಂದಾಗ ಬಸ್ಸು ಆಚೆ ಈಚೆ ವಾಲಿತು. “ವಾಂತಿ ಬಪ್ಪವ್ವೆಲ್ಲ ಕಿಟಕಿ ಬದಿಗೆ ಬನ್ನಿ!” ಎಂದು ಕಂಡಕ್ಟರ್ ಕೂಗಿದ. ಒಳಕೋಣೆಯಿಂದ ಅತ್ತೆ ಎದ್ದು ಬಂದು, ಕಷ್ಟಪಟ್ಟು ಕೊನೆಯ ಮಣೆಯ ಮೇಲೆ ಕೂತು, “ಹಿರಿಯ ನಾಗರಿಕರಿಗೆ ರಿಯಾಯಿತಿ ಇದ್ದನಾ ಮಾಣಿ?” ಎಂದು ಕೇಳಿದರು. ಅತ್ತೆ ನಮ್ಮ ಪಕ್ಷಕ್ಕೆ ಬಂದದ್ದು ಆ ದಿನ, ಅದೂ ಧಾರಾವಾಹಿಯ ಮಧ್ಯೆ ಎದ್ದು.

ಬೇಜಾರಿನ ಈ ದಿಬ್ಬ ಮೊದಲ ವಾರ ಇಪ್ಪತ್ತು, ಇಪ್ಪತ್ತೈದು ನಿಮಿಷ ಇತ್ತು, ತಿಂಗಳೊಳಗೆ ಹತ್ತಕ್ಕೆ ಇಳಿಯಿತು. ಆ ಹೊತ್ತಿನಲ್ಲಿ ನೀವು ಮಾಡಬಾರದ್ದು ಎರಡು. ಆಟದ ಪಟ್ಟಿ ಒಪ್ಪಿಸಬೇಡಿ: “ಚಿತ್ರ ಬರಿ, ಗೊಂಬೆ ಆಡು, ಬ್ಲಾಕ್ ಕಟ್ಟು” ಎಂದರೆ ಎಲ್ಲಕ್ಕೂ “ಬೇಡ” ಬರುತ್ತದೆ. ಮೊಬೈಲ್ ಹಿಡಿದು ಕೂರಬೇಡಿ. ಕಣ್ಣಳತೆಯಲ್ಲಿ ನಿಮ್ಮ ಕೈಗೊಂದು ಕೆಲಸ ಇರಲಿ. ದೊಡ್ಡವರು ಸುತ್ತಮುತ್ತ ಕೆಲಸ ಮಾಡುತ್ತಿದ್ದರೆ ಮಕ್ಕಳ ಆಟ ಕುದುರುತ್ತದೆ. ತೀರಾ ಅಂಟಿಕೊಂಡರೆ ಕೆಲಸವನ್ನೇ ಕೊಡಿ, ಬಟಾಣಿ ಸುಲಿಯುವುದೋ ಬೆಳ್ಳುಳ್ಳಿ ಬಿಡಿಸುವುದೋ. ಐದು ನಿಮಿಷದಲ್ಲಿ ಬಟಾಣಿ ಸಿಪ್ಪೆ ದೋಣಿಯಾಗಿರುತ್ತದೆ.

ಹೆಜ್ಜೆ 7: ಆಟದೊಳಗೆ ಹೋಗುವುದಾದರೆ ಗಿರಾಕಿಯಾಗಿ ಹೋಗಿ

ಮಾಸ್ತರಾಗಿ ಹೋಗಬೇಡಿ. “ಇದು ಯಾವ ಬಣ್ಣ? ಎಷ್ಟಾಯ್ತು ಹೇಳು ನೋಡೋಣ” ಎಂದು ಶುರು ಮಾಡಿದರೆ ಆಟ ಅಲ್ಲಿಗೇ ಸಾಯುತ್ತದೆ. ಕರೆದರೆ ಪ್ರಯಾಣಿಕರಾಗಿ, ರೋಗಿಯಾಗಿ, ಅಂಗಡಿಯ ಗಿರಾಕಿಯಾಗಿ ಹೋಗಿ. ಗಿರಾಕಿಗೆ ಒಂದು ತೊಂದರೆ ಇರಲಿ: “ನನ್ನ ಹತ್ತಿರ ಐನೂರರ ನೋಟು ಮಾತ್ರ ಇದೆಯಲ್ಲ?” ಆಮೇಲೆ ಎದ್ದು ಬನ್ನಿ. ನಾನು ಹತ್ತು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ. ನನಗೂ ಬೇಜಾರು ಬರುತ್ತದೆ ಎಂದು ಒಪ್ಪಿಕೊಳ್ಳುತ್ತೇನೆ.

ವಯಸ್ಸಿನ ಅಂದಾಜು ಬೇಕಾದವರಿಗೆ: ಒಂದೂವರೆ, ಎರಡು ವರ್ಷಕ್ಕೆ ಖಾಲಿ ಲೋಟದಿಂದ ಕುಡಿದಂತೆ ಮಾಡುವುದು ಶುರು. ಮೂರು ನಾಲ್ಕಕ್ಕೆ “ನಾನು ಅಮ್ಮ, ನೀನು ಪಾಪು” ಎಂದು ಪಾತ್ರ ಹಂಚಿಕೆ. ಐದಾರು ದಾಟಿದರೆ ಕಥೆ ದಿನಗಟ್ಟಲೆ ಮುಂದುವರಿಯುತ್ತದೆ. ಹಾಗಾಗಿ ರಾತ್ರಿ ಎಲ್ಲವನ್ನೂ ಎತ್ತಿಡಿಸಬೇಡಿ. ಒಂದು ಮೂಲೆಯಲ್ಲಿ ಕಟ್ಟಿದ ಮನೆ, ನಿಂತ ಬಸ್ಸು ಬೆಳಗಿನವರೆಗೂ ಇರಲಿ, ಉಳಿದ ಜಾಗ ಗುಡಿಸಿ.

ಹೆಜ್ಜೆ 8: ಆಟಕ್ಕೆ ಮೇವು ಹಾಕಿ

ಮಕ್ಕಳು ಕಂಡದ್ದನ್ನೇ ಆಡುತ್ತಾರೆ. ಟೀವಿಯಲ್ಲಿ ಕಂಡರೆ ಟೀವಿ ಆಟ. ಹಾಗಾದರೆ ಬೇರೆ ಏನಾದರೂ ಕಾಣಿಸಬೇಕು. ಇದಕ್ಕೆ ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ಅನುಕೂಲದ ಜಾಗ ಇಲ್ಲವೆಂದೇ ನನ್ನ ಜಂಬ.

ಕೊಯ್ಲಿನ ಕಾಲದಲ್ಲಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಮರದಿಂದ ಮರಕ್ಕೆ ಜಿಗಿಯುವುದನ್ನು ದೂರ ನಿಲ್ಲಿಸಿ ತೋರಿಸಿ. ರಾತ್ರಿ ಅಡಿಕೆ ಸುಲಿಯುವಲ್ಲಿ ಕೂರಿಸಿ. ಮೆಟ್ಟುಗತ್ತಿಯ ಮುಂದೆ ಕೈ ನಡೆದಿರುವಾಗ ಬಾಯಿ ಸುಮ್ಮನಿರುವುದಿಲ್ಲ, ದೆವ್ವದ ಕಥೆ, ಹುಲಿಯ ಕಥೆ, ಊರಿನ ಹಳೇ ಜಗಳ ಎಲ್ಲ ಅಲ್ಲೇ ಸಿಗುತ್ತವೆ.

ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಒಂಬತ್ತು ದಿನದ ಮಾರಿಕಾಂಬಾ ಜಾತ್ರೆ. ಅಮ್ಮನವರ ರಥ ಬಿಡ್ಕಿಬೈಲಿನ ಗದ್ದುಗೆಗೆ ಬರುವುದನ್ನು ಒಮ್ಮೆ ನೋಡಿದ ಮಕ್ಕಳಿಗೆ ಮಳೆಗಾಲದವರೆಗೂ ಅದೇ ಆಟ. ಕುರ್ಚಿ ತೇರು, ಸೀರೆ ಪತಾಕೆ, ಅಡುಗೆಮನೆ ಬಾಗಿಲಲ್ಲಿ ಬಳೆ ಅಂಗಡಿ. ಜಾತ್ರೆ ಇಲ್ಲದ ವರ್ಷ ಹೋಳಿ ಹಬ್ಬಕ್ಕೆ ಬೇಡರ ವೇಷ. ಬೆನ್ನಿಗೆ ನವಿಲುಗರಿ ಕಟ್ಟಿ ಕುಣಿಯುವ ಬೇಡನನ್ನು ಇಬ್ಬರು ಹಗ್ಗದಿಂದ ಹಿಡಿದಿರುತ್ತಾರಲ್ಲ, ನಮ್ಮಲ್ಲೂ ಅದೇ ನಡೆಯುತ್ತದೆ, ಸೀರೆಯೇ ಹಗ್ಗ. ಒಂದು ನಿಯಮ ಹಾಕಿದ್ದೇನೆ: ಸೊಂಟಕ್ಕೆ ಮಾತ್ರ ಕಟ್ಟಬೇಕು, ಕುತ್ತಿಗೆ ಹತ್ತಿರ ಹಗ್ಗ ಬಂದರೆ ಆಟ ಬಂದ್.

ಯಕ್ಷಗಾನಕ್ಕೆ ಕರೆದೊಯ್ಯಿರಿ. ಹೊನ್ನಾವರದ ಗುಣವಂತೆಯಲ್ಲಿ 1934ರಲ್ಲಿ ಕಟ್ಟಿದ ಕೆರೆಮನೆ ಮೇಳದಂಥವು ಇರುವ ಜಿಲ್ಲೆ ನಮ್ಮದು. ಮಗು ಅರ್ಧಕ್ಕೇ ನಿದ್ದೆ ಹೋಗಲಿ, ಪರವಾಗಿಲ್ಲ. ಮರುದಿನ ಎಣ್ಣೆ ಡಬ್ಬ ಚಂಡೆಯಾಗಿ, ಹಾಳೆ ಕಿರೀಟವಾಗಿ ಎದ್ದು ಬರುತ್ತದೆ. ಕರೆಂಟ್ ಇಲ್ಲದ ಮಧ್ಯಾಹ್ನ ಆ ಡಬ್ಬದ ಸದ್ದು ತಲೆ ಚಿಟ್ಟು ಹಿಡಿಸುತ್ತದೆ, ಅದಕ್ಕೂ ಸಿದ್ಧರಾಗಿ.

ಕಾರವಾರದ ನನ್ನ ಗೆಳತಿಯ ಮಕ್ಕಳು ಬೈತಖೋಲ ಬಂದರು ನೋಡಿ ಬಂದು ಮೀನು ಪೇಟೆ ಆಡುತ್ತಾರೆ. ಗಾಳಿಮರದ ಕಾಯಿ ಬಂಗಡೆ, ಚಪ್ಪಲಿ ಇಸ್ವಾಣ, ಕಪ್ಪೆಚಿಪ್ಪು ದುಡ್ಡು. ಚೌಕಾಶಿಯ ಜೋರು ಥೇಟ್ ಪೇಟೆಯದ್ದೇ. ಅವಳದ್ದು ಎರಡನೇ ಮಹಡಿಯ ಫ್ಲಾಟು, ಅಂಗಳ ಇಲ್ಲ. ವಾರಕ್ಕೆರಡು ಸಂಜೆ ಟ್ಯಾಗೋರ್ ಬೀಚಿಗೆ ಬಕೆಟ್ಟು, ಎರಡು ಗರಟೆ ಹಿಡಿದು ಹೋಗುತ್ತಾಳೆ. ರವೀಂದ್ರನಾಥ ಟ್ಯಾಗೋರರ ಅಣ್ಣ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಇಪ್ಪತ್ತರ ಹರೆಯದ ಕವಿ ಬಂದು ಉಳಿದ ತೀರ ಅದು. ಒದ್ದೆ ಮರಳಿರುವಲ್ಲಿ ಬೇರೆ ಆಟಿಕೆ ಯಾಕೆ? ಆದರೆ ಅಲೆಗೆ ಬೆನ್ನು ಹಾಕಿ ಕೂರಿಸಬೇಡಿ, ಮಳೆಗಾಲದಲ್ಲಿ ನೀರಿನಂಚಿಗೇ ಹೋಗಬೇಡಿ.

ಹೆಜ್ಜೆ 9: ಮಳೆ, ಕಾಡು, ಬಾವಿ

ಜೂನ್‌ನಿಂದ ಸೆಪ್ಟೆಂಬರ್ ನಮ್ಮ ಕಡೆ ಕಠಿಣ ಪರೀಕ್ಷೆ. ಮಳೆ ಸುರಿಯುವಾಗ ಮಕ್ಕಳು ಒಳಗೇ, ಬಟ್ಟೆಯೂ ಒಳಗೇ. ನಾನು ಹಗ್ಗಕ್ಕೆ ಹಾಕಿದ ಒದ್ದೆ ಬಟ್ಟೆಗಳ ಅಡಿಯನ್ನೇ ಕಾಡು ಎಂದು ಬಿಟ್ಟುಕೊಟ್ಟಿದ್ದೇನೆ. ಬಚ್ಚಲ ಒಲೆ ಬೆಂಕಿಯ ಹತ್ತಿರ ಮಾತ್ರ ಸುಳಿಯುವಂತಿಲ್ಲ. ದಿನಕ್ಕೊಮ್ಮೆ ಮಳೆ ಬಿಟ್ಟ ಹೊತ್ತು ನೋಡಿ ಅರ್ಧ ಗಂಟೆ ಕಾಗದದ ದೋಣಿ ಬಿಡಲು ಅಂಗಳಕ್ಕೆ. ಉಂಬಳ (ಜಿಗಣೆ) ಹತ್ತಿದರೆ ಉಪ್ಪು ಮುಟ್ಟಿಸಿದರೆ ಬಿಡುತ್ತದೆ, ಕಿರುಚಾಟ ಬೇಡ.

ಬೇಸಿಗೆಯಲ್ಲಿ ಊರಿಗೆ ಹೋದಾಗ ಬೆಟ್ಟದ ಕಡೆ ಬಿಡುವ ಮೊದಲು ಮಂಗನ ಕಾಯಿಲೆಯ ಸುದ್ದಿ ಕೇಳಿಕೊಳ್ಳಿ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಕಂಡ ಈ ರೋಗ ಉಣುಗು (ಉಣ್ಣಿ) ಕಚ್ಚಿ ಬರುತ್ತದೆ, ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ. ಮಂಗ ಸತ್ತ ಸುದ್ದಿ ಇದ್ದರೆ ಆ ಕಡೆ ಕಾಲಿಡುವುದೇ ಬೇಡ. ಉಳಿದಂತೆ ಉದ್ದ ತೋಳಿನ ಅಂಗಿ, ಬಂದ ತಕ್ಷಣ ಬಿಸಿನೀರ ಸ್ನಾನ, ಕಿವಿ ಹಿಂದೆ, ಕಂಕುಳು, ತೊಡೆ ಸಂದು ನೋಡುವುದು. ಬಾವಿಗೆ ಬಲೆ ಅಥವಾ ಕಟಾಂಜನ, ತೋಟದ ಹೊಂಡಕ್ಕೆ ಬೇಲಿ ಹಾಕಿಸಿ. ಇಷ್ಟಾದರೆ ಉಳಿದ ಸಣ್ಣ ಗಾಯಗಳಿಗೆ ಕೂಗಾಡಬೇಡಿ.

ಹೆಜ್ಜೆ 10: ಹಳಿ ತಪ್ಪಿದಾಗ

ತಪ್ಪುತ್ತದೆ. ಕ್ರಿಕೆಟ್ ಫೈನಲ್ ಇರುತ್ತದೆ, ನೆಂಟರು ಬಂದು ಮಕ್ಕಳ ಕೈಗೆ ಮೊಬೈಲ್ ಕೊಡುತ್ತಾರೆ. ಬಂದವರ ಎದುರು ಮಗುವಿನ ಕೈಯಿಂದ ಕಸಿದು ಉಪನ್ಯಾಸ ಕೊಡುವುದು ಅಸಹ್ಯ, ನಾನು ಒಮ್ಮೆ ಕೊಟ್ಟು ನಾದಿನಿಯ ಜೊತೆ ಆರು ತಿಂಗಳು ಮಾತು ತಣ್ಣಗಾಗಿತ್ತು. ಈಗ ಅವರ ಮಕ್ಕಳಿಗೂ ಸೇರಿಸಿ ಕಂಬಳಿ ಹಾಸಿಕೊಡುತ್ತೇನೆ, ಅಷ್ಟೇ.

ಜ್ವರ ಬಂದಾಗ ನಮ್ಮ ಮನೆಯಲ್ಲಿ ಟೀವಿ ಮುಕ್ತ. ಮಲಗಿದ ಮಗು ಅಜ್ಜಿಯ ಮಗ್ಗುಲಲ್ಲಿ ಏನಾದರೂ ನೋಡಿಕೊಂಡಿರಲಿ. ಜ್ವರ ಬಿಟ್ಟ ಮರುದಿನ ಬೆಳಿಗ್ಗೆ ಪಂಚೆ ಮತ್ತೆ ಹೊದೆಸಿ, ಪೆಟ್ಟಿಗೆಯನ್ನು ಜಗುಲಿಯ ಮಧ್ಯಕ್ಕೆ, ಕಾಲಿಗೆ ಎಡತಾಕುವ ಹಾಗೆ ತಂದಿಡಿ. ಏನೂ ಹೇಳಬೇಡಿ. ಒಳಗೆ ಹೋಗಿ ಸೊಪ್ಪು ಸೋಸಲು ಕೂತುಕೊಳ್ಳಿ.